ಹೆಣ ಎತ್ತೋ ಧಾಟಿ

ನಮ್ಮ ತಳಕಲ್‌ದಾಗ ಹೆಣ ಎತ್ತುವಾಗ ಹಾಡೋ ಧಾಟಿ ಒಂದೈತಿ. ಬ್ಯಾರೆ ಹೊತ್ತಿನ್ಯಾಗ ಅದನ್ನ ಗುನುಗಂಗಿಲ್ಲ. ಭಜನಾ ಮೇಳ ನಡಸತಿದ್ದ ನಮ್ಮಪ್ಪ ವಿರುಪಾಕ್ಷಿ, ನಾ ಸಣ್ಣಾಂವಿದ್ದಾಗ ಮನ್ಯಾಗ ಗುನುಗಿದ್ದಕ್ಕ ಕಪಾಳಕ್ಕ ಬಾರಿಸಿದ್ದ.

೧೯೯೭ರಾಗ ಗಂಗಾವತಿಯ ಸ್ಟುಡಿಯೋದಾಗ ನಾ ಅದೇ ಧಾಟಿಗೆ ಕೀಬೋರ್ಡು, ರಿದಮ್ ಪ್ಯಾಡು ಹಚ್ಚಿ, ಪ್ರೀತಿ ಮಾತು ತುಂಬಿ ಕ್ಯಾಸೆಟ್ ಮಾಡಿದೆ. ಕೊಪ್ಪಳದಿಂದ ಕಾರಟಗಿತನ ಮದವಿ ಮದವಿಗೂ ಮಂದಿ ಅದಕ್ಕ ಕುಣಿದ್ರು. ನನ್ನ ನೋಡಿ ಎಷ್ಟೋ ಹಾಡುಗಾರರು ಭಜನಿಗೆ ಡಿಸ್ಕೊ ಬೆರೆಸಿದ್ರು. ಅಪ್ಪ ಮಾತು ಬಿಟ್ಟ.

ಇಪ್ಪತ್ತು ವರ್ಷದ ಮ್ಯಾಲೆ ಅಪ್ಪ ತೀರಿಕೊಂಡ. ಚಟ್ಟಕ್ಕ ಹೆಗಲು ಕೊಟ್ಟು ನಿಂತೆ. ಮೇಳದ ಹಿರಿಯ ಗವಿಸಿದ್ದಪ್ಪಜ್ಜ, “ನಿಮ್ಮಪ್ಪನ ಧಾಟಿ ನೀನ ಎತ್ತಬೇಕಪಾ” ಅಂದ.

ನನ್ನ ನೋಡಾಕಂತ ಬಂದ ಹರೇದವರು ಓಣಿ ತುಂಬ ಮೊಬೈಲ್ ಹಿಡಿದು ನಿಂತಿದ್ರು. ಧಾಟಿ ಕೇಳಿದ ಕೂಡಲೇ ಒಬ್ಬ ಸಿಳ್ಳಿ ಹೊಡೆದ್ರ? ಕುಣಿದ್ರ?

“ನನ್ನ ಕೈಲೆ ಆಗಂಗಿಲ್ಲಜ್ಜಾ.”

“ಆಗಂಗಿಲ್ಲ ಅಂದ್ರ? ಹೆಣ ಕಾಯಾಕತ್ತೈತಿ!” ಅಜ್ಜ ಗದರಿದ.

ಕಣ್ಣು ಮುಚ್ಚಿ ಧಾಟಿ ಎತ್ತಿದೆ. ಯಾರೂ ಸಿಳ್ಳಿ ಹೊಡೀಲಿಲ್ಲ. ಎಲ್ಲಾರೂ ಮೊಬೈಲ್ ಇಳಿಸಿ ತಲಿ ತಗ್ಗಿಸಿದ್ರು. ಜೀವ ಬಂದಂಗಾತು. ಅಷ್ಟರಾಗ ಬಾಜೂಕ ಹೆಗಲು ಕೊಟ್ಟಿದ್ದ ತಮ್ಮ ತಿರುಮಲೇಶ ಪಿಸುಗುಟ್ಟಿದ: “ಅಣ್ಣಾ, ಕಾಲು ನಿಂದ್ರಿಸು.”

ಕೆಳಗ ನೋಡಿದೆ. ನನ್ನ ಹಿಮ್ಮಡ ತನ್ನಷ್ಟಕ್ಕ ತಾನ ರಿದಮ್ ಪ್ಯಾಡಿನ ತಾಳ ಹಾಕಾಕತ್ತಿತ್ತು. ಹೆಗಲ ಮ್ಯಾಲೆ ಅಪ್ಪ ಆ ತಾಳಕ್ಕ ಸರಿಯಾಗಿ ಅಲುಗಾಡಾಕತ್ತಿದ್ದ.