ಒಡೆದ ಕಾಯಿ

ಅಜ್ಜಂಪುರದ ರೈಲು ತಡವಾದಾಗೆಲ್ಲ ಬೀರೂರಿನ ಕೊಬ್ಬರಿಪುಡಿ ಕಾರ್ಖಾನೆಯ ಗೇಟು ಮಧ್ಯಾಹ್ನದವರೆಗೆ, ಆ ರೈಲಿಗೇ ಕೆಲಸಕ್ಕೆ ಬರುವ ಭುವನಾಳ ಮುಖಕ್ಕೆ ಮುಚ್ಚಿರುತ್ತಿತ್ತು. ಬೀರೂರಲ್ಲೇ ಮನೆಯಿದ್ದ ಜೊತೆಗೆಲಸದ ಮಲ್ಲಿಕಾಂಬ, ರೈಲಿನವರು ತಡವಾಗಿ ಬರುತ್ತಾರೆಂದು ದೂರು ಕೊಟ್ಟ ಮೇಲೆ ಬಂದ ಕಟ್ಟುನಿಟ್ಟು ಅದು. "ಗಂಟೆ ಅಂದ್ರೆ ಗಂಟೆ ಕಣಮ್ಮಾ. ರೈಲಿನ ಕತೆ ನಂಗ್ಬೇಡ" ಎಂದಿದ್ದ ಮ್ಯಾನೇಜರ್ ರುದ್ರಮೂರ್ತಿ.

ಒಡೆದ ಕಾಯಿ ಅಂದೇ ಒಣಗಲು ಹೋಗದಿದ್ದರೆ ಹುಳಿಯುತ್ತದೆ. ಅದಕ್ಕೇ ಸಂಜೆಯ ಗಂಟೆ ಬಾರಿಸಿದರೂ, ಒಡೆದಷ್ಟರ ಕಂದು ಸಿಪ್ಪೆ ಕೆತ್ತಿ ಮುಗಿಸಿಯೇ ಹೆಂಗಸರು ಏಳುವುದು ವಾಡಿಕೆ. ಆ ಹೊತ್ತಿಗೆ ಕೂಲಿಯಿಲ್ಲ.

ಇವತ್ತೂ ಗೇಟಿನಾಚೆ ಬಿಸಿಲಲ್ಲಿ ನಿಂತು ಬಂದ ಭುವನಾ, ಗಂಟೆ ಬಾರಿಸುತ್ತಲೇ ಚಾಕು ಕೆಳಗಿಟ್ಟಳು. ರೈಲಿಗೆ ಬರುವ ಹೆಂಗಸರೆಲ್ಲ ಇಟ್ಟರು. ನೀರಿನ ತೊಟ್ಟಿಯ ತುಂಬ ಇನ್ನೂ ಕೆತ್ತದ ಒಡೆದ ಕಾಯಿ ತೇಲುತ್ತಿತ್ತು.

ರುದ್ರಮೂರ್ತಿ ಓಡಿಬಂದ. "ಎಲ್ಲಾ ಹುಳಿತದೆ ಕಣ್ರೇ! ಕೂತ್ಕೊಳ್ರೇ. ನಾಳೆಯಿಂದ ಗೇಟ್ ತೆಗೆಸ್ತೀನಿ."

"ಗಂಟೆ ಅಂದ್ರೆ ಗಂಟೆ ಸಾರ್" ಎಂದಳು ಭುವನಾ. "ಹೊತ್ತು ಮೀರಿ ಕೂತ್ರೆ ಮಲ್ಲಿಕಕ್ಕ ದೂರು ಕೊಟ್ಬಿಟ್ಟಾರು. ಅವರ್ನೇ ಕೂರಿಸ್ಕೊಳ್ಳಿ, ಮನೆ ಹತ್ರ ಐತಲ್ಲ!"

ತೊಟ್ಟಿಯ ಮುಂದೆ ಮಲ್ಲಿಕಾಂಬ ಒಬ್ಬಳೇ ಉಳಿದಳು.

ಮರುದಿನ ರೈಲು ಮತ್ತೆ ತಡ. ಗೇಟು ಹಾರುಹೊಡೆದಿತ್ತು. ಹುಳಿನಾತ ರಸ್ತೆಗೇ ಬಂದು ಎದುರುಗೊಂಡಿತು. ಉಳಿದವರು ಮೂಗಿಗೆ ಸೆರಗು ಹಿಡಿದರು. ಭುವನಾ ಮಾತ್ರ ಅದನ್ನು ಎದೆತುಂಬ ಎಳೆದುಕೊಂಡು ಒಳಗೆ ನಡೆದಳು.