ಒಳಗಿನ ಅಳತೆ

ಅಜ್ಜಿಯ ಹೊದಿಕೆಯನ್ನು ಅಮ್ಮ ಆ ತುದಿಯಿಂದ, ಮಗಳು ಈ ತುದಿಯಿಂದ ಹಿಡಿದು ಹಿಂಡುತ್ತಿದ್ದರು. ನೀರು ಇನ್ನೂ ಇಳಿಯುತ್ತಿರುವಾಗಲೇ ಬಾಗಿಲಲ್ಲಿ ಗಾಡಿ ನಿಂತ ಸದ್ದಾಯಿತು.

"ಪೆಟ್ಟಿಗೆ ಬಂತು," ಎಂದು ಅಮ್ಮ ತನ್ನ ತುದಿ ಬಿಟ್ಟಳು.

ದೊಡ್ಡಪ್ಪನೂ ಬಡಗಿಯೂ ಅದನ್ನು ಹೊತ್ತು ತಂದು, ನಡುಮನೆಯಲ್ಲಿ ತೀರಿಹೋದ ಅಜ್ಜಿಯನ್ನು ಮಲಗಿಸಿದ್ದ ಮಂಚದ ಪಕ್ಕ ಇಳಿಸಿದರು. ಮುಚ್ಚಳವನ್ನು ಗೋಡೆಗೆ ಒರಗಿಸಿದರು.

"ನಾನೇ ಅಳತೆ ಬರೆದುಕೊಟ್ಟಿದ್ದೆ," ಎಂದ ದೊಡ್ಡಪ್ಪ. "ಅರವತ್ತೆಂಟು ಇಂಚು. ನಮ್ಮಮ್ಮನ ಉದ್ದ ಎಷ್ಟೋ ಅಷ್ಟೇ."

"ಟೇಪಜ್ಜಿ ಪೆಟ್ಟಿಗೆ ಅಲ್ವಾ, ಒಂದು ನೂಲು ತಪ್ಪಿದ್ರೂ ಎದ್ದು ಕೂತು ಬೈತಾರೆ," ಎಂದಳು ಪಕ್ಕದ ಮನೆಯಾಕೆ. ಅಳುತ್ತಿದ್ದವರೂ ನಕ್ಕರು.

ಹುಡುಗಿ ದಿಂಬಿನಡಿಯಿಂದ ಅಜ್ಜಿಯ ಅಳತೆ ಟೇಪು ತೆಗೆದು ಪೆಟ್ಟಿಗೆಗೆ ಹಿಡಿದಳು. ಹೊರಗಿಂದ ಅರವತ್ತೆಂಟು. ಹಲಗೆಯ ದಪ್ಪ ಒಂದಿಂಚು. ತಲೆಯ ಕಡೆ ಒಂದು, ಕಾಲಿನ ಕಡೆ ಒಂದು. ಮನಸ್ಸಿನಲ್ಲೇ ಕಳೆದು ನೋಡಿ ದೊಡ್ಡಪ್ಪನ ಅಂಗಿ ಜಗ್ಗಿದಳು.

"ಈಗ ಬೇಡ ಪುಟ್ಟಿ. ದೊಡ್ಡೋರು ಮಾತಾಡ್ತಿದ್ದೀವಿ."

*

ಅಜ್ಜಿ ಮೂವತ್ತು ವರ್ಷ ಸಾಮಾನು ತುಂಬುವ ಮರದ ಪೆಟ್ಟಿಗೆ ಮಾಡಿದವಳು. ಒಮ್ಮೆ ಮೇಸ್ತ್ರಿ ಗಾಜಿನ ಜಾಡಿಗಳಿಗೆ ಹೊರಗಿನ ಅಳತೆ ಕೊಟ್ಟುಬಿಟ್ಟ. ಜಾಡಿಗಳ ಕೊನೆಯ ಸಾಲು ಒಳಗೆ ಹಿಡಿಯಲಿಲ್ಲ.

"ಒತ್ತಿ ಮೊಳೆ ಹೊಡಿ," ಎಂದ.

ಅಜ್ಜಿ ಮುಚ್ಚಳವನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂತುಬಿಟ್ಟಳು. ಊಟದ ಗಂಟೆ ಹೊಡೆದರೂ ಏಳಲಿಲ್ಲ.

ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುವಾಗಲೆಲ್ಲ ಇದೇ ಕತೆ.

"ಉದ್ದ, ಅಗಲ, ಎತ್ತರ ಗುಣಿಸೋದು ಆಮೇಲೆ ಕಣೇ. ಮೊದಲು ಒಳಗಿಂದೋ ಹೊರಗಿಂದೋ ಅಂತ ಕೇಳು. ಒಳಗಿರೋದಕ್ಕೆ ಬಾಯಿಲ್ಲ, ನಾವೇ ಕೇಳಬೇಕು."

"ಆಮೇಲೆ ಮೇಸ್ತ್ರಿ ಏನು ಮಾಡಿದ?"

"ಮೂರು ದಿನ ಕೆಲಸಕ್ಕೆ ಬರಬೇಡ ಅಂದ. ನಾಲ್ಕನೇ ದಿನ ಮನೆ ಬಾಗಿಲಿಗೆ ಬಂದ, ಒಳಗಿನ ಅಳತೆ ಬರೆದ ಚೀಟಿ ಹಿಡಕೊಂಡು."

*

ಅಜ್ಜಿಯನ್ನು ಎತ್ತಿ ಪೆಟ್ಟಿಗೆಯೊಳಗೆ ಇಳಿಸಿದರು. ಪಾದಗಳು ಕಾಲಿನ ಕಡೆಯ ಹಲಗೆಯ ಅಂಚಿಗೆ ತಾಗಿ, ಒಳಗಿಳಿಯದೆ ನಿಂತವು.

"ಮೊಣಕಾಲು ಸ್ವಲ್ಪ ಮಡಿಸಿದ್ರೆ ಆಯ್ತು," ದೊಡ್ಡಪ್ಪ ಮೆಲ್ಲಗೆ ಹೇಳಿದ. "ಹೊರಗೆ ಜನ ಕಾಯ್ತಿದ್ದಾರೆ."

"ಮುಚ್ಚಿದ ಮೇಲೆ ಯಾರಿಗೆ ಕಾಣುತ್ತೆ," ಎನ್ನುತ್ತ ಬಡಗಿ ಮುಚ್ಚಳಕ್ಕೆ ಕೈ ಚಾಚಿದ.

ಅಲ್ಲಿ ಮುಚ್ಚಳವಿರಲಿಲ್ಲ. ಹುಡುಗಿ ಅದನ್ನು ನೆಲಕ್ಕೆ ಉರುಳಿಸಿಕೊಂಡು, ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮಡಿಲಲ್ಲಿ ಟೇಪು.

"ಏಳು ಪುಟ್ಟಿ, ಹಟ ಮಾಡೋ ಹೊತ್ತಾ ಇದು?"

ಅವಳು ಏಳಲಿಲ್ಲ. ದೊಡ್ಡಪ್ಪ ರಟ್ಟೆ ಹಿಡಿಯಲು ಬಗ್ಗಿದ. ಹೊದಿಕೆಯ ನೀರಿನಿಂದ ಇನ್ನೂ ಒದ್ದೆಯಾಗಿದ್ದ ಕೈಯನ್ನು ಅಮ್ಮ ಅಡ್ಡ ಹಿಡಿದಳು.

"ಬಿಡಿ ಭಾವ. ಅವಳೇನೋ ಕೇಳಬೇಕಂತೆ."

ಹುಡುಗಿ ಟೇಪಿನ ತುದಿಯನ್ನು ಬಡಗಿಯತ್ತ ಚಾಚಿದಳು.

"ಬಡಗಿ ಮಾಮ, ಅರವತ್ತೆಂಟು ಅಂದ್ರೆ ಒಳಗಿಂದೋ ಹೊರಗಿಂದೋ?"