ರಸೀದಿ ಬೇಡ ಎಂದವಳು

“ಏಯ್, ನೀವಿಬ್ಬರು ಚಪ್ಪಲಿ ಹೊರಗೆ ಬಿಡಿ. ಕಾರ್ಪೆಟ್ ಹೊಸದು. ಯಾರ ಯಾರ ಕಕ್ಕಸು ತೊಳೆದು ಬಂದಿದ್ದೀರೋ ಏನೋ.”

ಮೋರಿಸ್ ಕುರ್ಚಿಯಿಂದ ಏಳಲಿಲ್ಲ. ಫಹಾಹೀಲಿನ ಆ ಪುಟ್ಟ ಆಫೀಸಿನ ಬಾಗಿಲಲ್ಲಿ ಅಲೀಮಮ್ಮ, ಬೆಟ್ಟಿ ಇಬ್ಬರೂ ಚಪ್ಪಲಿ ಕಳಚಿದರು. ವಾರಿಜಾ ಕೂಡ ಬಗ್ಗಿದಳು.

“ಅಯ್ಯೋ, ನಿಮಗೆ ಹೇಳಿದ್ದಲ್ಲ ಟೀಚರ್. ನೀವು ಹಾಗೇ ಬನ್ನಿ.”

ಅವಳು ಒಂದು ಗಳಿಗೆ ತಡೆದು ನಿಂತಳು. ಆಮೇಲೆ ಹಾಗೇ ಹೋದಳು. ಮೆತ್ತನೆಯ ಕಾರ್ಪೆಟ್ಟಿನ ಮೇಲೆ ತನ್ನ ಚಪ್ಪಲಿ ಊರಿದಾಗ ಹಿಂದೆ ಬರಿಗಾಲಲ್ಲಿ ಬರುತ್ತಿದ್ದ ಅಲೀಮಮ್ಮನ ಕಡೆ ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಟೀಚರ್ ಎಂಬ ಹೆಸರು ಊರಿನದು. ಕಾರ್ಕಳದಲ್ಲಿ ಕೆಲವು ಕಾಲ ಪಾಠ ಹೇಳಿದ್ದವಳು ಈಗ ಈ ಅರಬಿ ದೇಶದಲ್ಲಿ, ಎಗೈಲಾದ ದೊಡ್ಡ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಿದ್ದಳು. ಸಂಜೆ ಮಹಬೂಲಾದ ಫ್ಲ್ಯಾಟಿಗೆ ಬಂದರೆ ಒಂದೇ ಕೋಣೆಯಲ್ಲಿ ಮೂವರು: ಆಸ್ಪತ್ರೆಯ ನೆಲ ಒರೆಸುವ ಬೆಟ್ಟಿ, ಮನೆಮನೆಗೆ ಹೋಗಿ ಅಡುಗೆ ಮಾಡುವ ಅಲೀಮಮ್ಮ, ಅವಳು. ಮೋರಿಸ್ ಇಡೀ ಫ್ಲ್ಯಾಟನ್ನು ತಾನು ಹಿಡಿದು ಮಂಚದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಏಜೆಂಟ್. ಬಂದ ದಿನವೇ ಡಿಪಾಸಿಟ್ ತೆಗೆದುಕೊಂಡಿದ್ದ. ಅದು ಮಾಲೀಕನ ಹತ್ತಿರ ಭದ್ರವಾಗಿರುತ್ತದೆ, ಬಿಡುವಾಗ ಕೈಗೆ ಬರುತ್ತದೆ ಎಂದಿದ್ದ.

ಈಗ ಮಾಲೀಕ ಕಟ್ಟಡವನ್ನೆಲ್ಲ ಒಂದು ಕಂಪನಿಯ ಕೂಲಿಯಾಳುಗಳಿಗೆ ಕೊಟ್ಟುಬಿಟ್ಟಿದ್ದ. ಶುಕ್ರವಾರ ಬೆಳಿಗ್ಗೆ ಬೀಗ. ಡಿಪಾಸಿಟ್ ಕೇಳಿದರೆ ಕಟ್ಟಡ ಕಾಯುವ ಹಾರಿಸ್ ಕೈಯಾಡಿಸಿ ನಕ್ಕಿದ್ದ. ಮೋರಿಸ್ ಯಾವ ಡಿಪಾಸಿಟ್ಟನ್ನೂ ಯಾರಿಗೂ ಕೊಟ್ಟಿರಲೇ ಇಲ್ಲ.

“ಅದು ಸಿಕ್ಕದಿದ್ರೆ ಬೇರೆ ರೂಮಿಗೆ ಎಲ್ಲಿಂದ ಕೊಡುದು ಸರ್?” ಬೆಟ್ಟಿ ಕೇಳಿದಳು.

“ನನ್ನ ಹತ್ರ ಎಂತ ಕೇಳ್ತೀ? ಮಾಲೀಕನ ಹತ್ರ ಕೇಳು. ಅರಬಿ ಬರ್ತದಾ?”

“ಮಾಲೀಕನ ಮುಸುಡಿ ನಾವು ಕಂಡಿಲ್ಲ,” ಎಂದಳು ಅಲೀಮಮ್ಮ. “ನಾವು ಕೊಟ್ಟದ್ದು ನಿಮ್ಮ ಕೈಗೆ.”

“ಕೊಟ್ಟದ್ದಕ್ಕೆ ಎಂತ ಉಂಟು? ರಸೀದಿ ಉಂಟಾ?”

ಅಲೀಮಮ್ಮ ವಾರಿಜಾಳತ್ತ ನೋಡಿದಳು. ಡಿಪಾಸಿಟ್ ಕೊಟ್ಟ ದಿನ ಅಲೀಮಮ್ಮ ರಸೀದಿ ಕೇಳಲು ಬಾಯಿ ತೆರೆದಿದ್ದಳು. ಕೈ ಅದುಮಿ ಸುಮ್ಮನಿರಿಸಿದವಳು ವಾರಿಜಾ. ನಮ್ಮ ಊರಿನವರು, ಇಲ್ಲಿನ ಊರವರ ಸಂಘದ ಉಪಾಧ್ಯಕ್ಷರು, ರಸೀದಿ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಕಿವಿಯಲ್ಲಿ ಹೇಳಿದ್ದಳು. ಪರದೇಶದಲ್ಲಿ ಊರವರ ಹತ್ತಿರ ಕಾಗದ ಕೇಳುವುದು ಅವರ ಮುಖಕ್ಕೆ ಉಗಿದಂತೆ ಎಂದು ಅವಳು ನಿಜವಾಗಿಯೂ ನಂಬಿದ್ದಳು.

“ಸರ್, ನಾನಿದ್ದೆ ಅಲ್ವಾ, ಅವರು ಕೊಡುವಾಗ,” ಎಂದಳು ವಾರಿಜಾ. ಸ್ವರ ಅವಳಿಗೇ ಕೇಳಿಸುವಷ್ಟಿತ್ತು.

“ಇದ್ದಿರಿ. ಮತ್ತೆ ನೀವು ಕೊಟ್ಟಿದ್ದೀರಾ?” ಮೋರಿಸ್ ನಗುತ್ತ ಅವರಿಬ್ಬರ ಕಡೆ ತಿರುಗಿದ. “ಕೇಳಿ ನಿಮ್ಮ ಟೀಚರ ಹತ್ರ. ಅವರಿಂದ ನಾನು ಡಿಪಾಸಿಟ್ ತೆಗೊಳ್ಳಲೇ ಇಲ್ಲ. ಅಂಥ ದುಡ್ಡು ತಿನ್ನುವ ನಾಯಿ ಆಗಿದ್ರೆ ಅವರನ್ನು ಬಿಡ್ತಿದ್ನಾ?”

ಬೆಟ್ಟಿ ಬಾಯಿ ಬಿಟ್ಟು ವಾರಿಜಾಳನ್ನೇ ನೋಡಿದಳು. ಅಲೀಮಮ್ಮ ನೋಡಲಿಲ್ಲ. ಕಾರ್ಪೆಟ್ಟಿನ ಮೇಲಿದ್ದ ತನ್ನ ಪಾದಗಳನ್ನು ನೋಡಿಕೊಂಡಳು.

“ಈಗ ನಡೀರಿ. ಇಲ್ಲಿ ಗಲಾಟೆ ಮಾಡಿದ್ರೆ ಪೊಲೀಸಿಗೆ ಫೋನ್ ಮಾಡ್ತೇನೆ. ಅವರು ಬಂದ ಕೂಡಲೇ ಇಲ್ಲಿ ಇರುವ ಪರ್ಮಿಟ್, ಇಕಾಮಾ, ಕೇಳ್ತಾರೆ. ಅಲ್ವಾ ಅಲೀಮಮ್ಮ, ಕಫೀಲನ ಮನೆ ಬಿಟ್ಟು ಓಡಿ ಬಂದವರಿಗೆ ಜೈಲಲ್ಲಿ ರೂಮ್ ಉಂಟು. ಡಿಪಾಸಿಟ್ ಇಲ್ಲ.”

ವೀಸಾ ಕೊಟ್ಟು ಮನೆಗೆಲಸಕ್ಕೆ ಕರೆಸಿಕೊಂಡಿದ್ದ ಆ ಕಫೀಲನ ಹೆಂಡತಿ ಕಾದ ಇಸ್ತ್ರಿಪೆಟ್ಟಿಗೆ ಇಟ್ಟ ಗುರುತು ಅಲೀಮಮ್ಮನ ತೋಳಿನಲ್ಲಿತ್ತು. ಪಾಸ್‌ಪೋರ್ಟ್ ಇನ್ನೂ ಆ ಮನೆಯಲ್ಲೇ ಇತ್ತು. ಇದು ಗೊತ್ತಿದ್ದದ್ದು ಕೋಣೆಯ ಮೂವರಿಗೆ ಮಾತ್ರ. ಪಾಪದ ಹೆಂಗಸು, ಬಾಡಿಗೆ ಸ್ವಲ್ಪ ಕಡಿಮೆ ಮಾಡಿ ಎಂದು ಬೇಡುವಾಗ ಅದನ್ನು ಮೋರಿಸನ ಕಿವಿಗೆ ಹಾಕಿದವಳೂ ವಾರಿಜಾ. ಅವನು ಏನೂ ಕಡಿಮೆ ಮಾಡಿರಲಿಲ್ಲ. ಕೇಳಿಟ್ಟುಕೊಂಡಿದ್ದ.

“ಅದಿರಲಿ ಟೀಚರ್,” ಎಂದು ಅವನು ಮೇಜಿನ ಮೇಲಿದ್ದ ಗಾಜಿನ ಫ್ರೇಮನ್ನು ಇವಳ ಕಡೆ ತಿರುಗಿಸಿದ. “ಶುಕ್ರವಾರ ನನಗೆ ಕೊಡುವ ಸನ್ಮಾನಪತ್ರ ಪ್ರಿಂಟಾಗಿ ಬಂತು. ಒತ್ತಕ್ಷರ ಎಲ್ಲ ಸರಿ ಉಂಟಾ ನೋಡಿ.”

ಸಂಘದ ವಾರ್ಷಿಕೋತ್ಸವಕ್ಕೆ ಅದನ್ನು ಬರೆದುಕೊಟ್ಟವಳು ಅವಳೇ. ನಿರೂಪಣೆಯೂ ಅವಳದೇ. ಮೋರಿಸ್ ಅವಳಿಗೆ ಡಿಪಾಸಿಟ್ ಬೇಡ ಎಂದದ್ದು ಇಂಥ ಕೆಲಸಕ್ಕಾಗಿ. ‘ಪರವೂರಿನಲ್ಲಿ ನಮ್ಮವರಿಗೆ ನೆರಳಾದ ಕೊಡುಗೈ ದಾನಿ.’ ಅವಳು ಕೊನೆಯ ಸಾಲಿನವರೆಗೆ ಓದಿದಳು.

“ಸರಿ ಉಂಟು,” ಎಂದಳು.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಬೆಟ್ಟಿ, “ಬೋಳಿಮಗ, ಅವನ ವಂಶ ಹಾಳಾಗ,” ಎಂದು ಬೈಯುತ್ತಲೇ ಇದ್ದಳು. ಬಸ್ಸಿನಲ್ಲಿ ಅಲೀಮಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮಹಬೂಲಾ ಬರುವಾಗ ಒಂದೇ ಮಾತು ಕೇಳಿದಳು.

“ಓದಿದವರಿಗೆ ಡಿಪಾಸಿಟ್ ಇಲ್ವಾ ಮಗಳೇ?”

ಬೈದಿದ್ದರೆ ಚೆನ್ನಾಗಿತ್ತು ಎಂದು ವಾರಿಜಾಳಿಗೆ ಅನಿಸಿತು.

ಶುಕ್ರವಾರ ಬೆಳಿಗ್ಗೆ ಹಾರಿಸ್ “ಖಲಾಸ್, ಯಲ್ಲಾ” ಎನ್ನುತ್ತ ಮೂವರ ಸಾಮಾನನ್ನೂ ಮೆಟ್ಟಿಲ ಬುಡಕ್ಕೆ ತಂದಿಟ್ಟು ಬೀಗ ಹಾಕಿದ. ಹಗಲೆಲ್ಲ ಸಮುದ್ರದ ದಂಡೆಯಲ್ಲಿ ಬ್ಯಾಗಿನ ಮೇಲೆ ಕೂತು ಕಳೆದದ್ದಾಯಿತು. ಸಂಜೆ ವಾರಿಜಾ ಸೀರೆ ಉಟ್ಟು ಸಾಲ್ಮಿಯಾದ ಸಭಾಂಗಣಕ್ಕೆ ಹೊರಟಾಗ ಬೆಟ್ಟಿ, “ನಾವೂ ಬರ್ತೇವೆ ಅಕ್ಕ. ಅಲ್ಲಿ ಎಸಿ ಉಂಟು, ಊಟ ಉಂಟು. ನಮ್ಮದೇ ದುಡ್ಡಿನ ಊಟ,” ಎಂದಳು. ಇಬ್ಬರೂ ಹಿಂದಿನ ಸಾಲಿನಲ್ಲಿ ಬ್ಯಾಗುಗಳನ್ನು ಕಾಲ ಹತ್ತಿರ ಇಟ್ಟುಕೊಂಡು ಕೂತರು.

ದೀಪ ಬೆಳಗಿತು, ಪ್ರಾರ್ಥನೆ ಮುಗಿಯಿತು. ಮೋರಿಸನ ತಲೆಗೆ ಪೇಟ, ಹೆಗಲಿಗೆ ಶಾಲು, ಮಡಿಲಿಗೆ ಹಣ್ಣಿನ ಬುಟ್ಟಿ. ಕಾರ್ಯದರ್ಶಿ ದೇಜಪ್ಪ ಫ್ರೇಮನ್ನು ವಾರಿಜಾಳ ಕೈಗೆ ಕೊಟ್ಟು, “ಒಳ್ಳೆ ಗಟ್ಟಿಯಾಗಿ ಓದು ಆಯ್ತಾ,” ಎಂದು ಪಿಸುಗುಟ್ಟಿದರು.

ಅವಳು ಓದಿದಳು. ‘ಪರವೂರಿನಲ್ಲಿ ನಮ್ಮವರಿಗೆ ನೆರಳಾದ’ ಎಂಬಲ್ಲಿಗೆ ಬಂದಾಗ ಹಿಂದಿನ ಸಾಲು ಕಣ್ಣಿಗೆ ಬಿತ್ತು. ಅಲೀಮಮ್ಮ ತಲೆಯ ಮೇಲಿನ ಸೆರಗನ್ನು ಬಿಗಿ ಮಾಡಿಕೊಂಡು, ಪಾಠ ಕೇಳುವವಳ ಹಾಗೆ ಶ್ರದ್ಧೆಯಿಂದ ಕೇಳುತ್ತಿದ್ದಳು.

ವಾರಿಜಾ ಫ್ರೇಮನ್ನು ಮಗುಚಿ ಇಟ್ಟಳು.

“ಇದನ್ನು ಬರೆದವಳು ನಾನು. ಇದು ಸುಳ್ಳು. ಮಹಬೂಲಾದಲ್ಲಿ ಬಾಡಿಗೆಗಿದ್ದ ಹೆಂಗಸರ ಡಿಪಾಸಿಟ್ಟನ್ನು ಇವರು ಮಾಲೀಕನಿಗೆ ಕೊಡಲಿಲ್ಲ, ವಾಪಸೂ ಕೊಡಲಿಲ್ಲ. ಅವರಿಗೆ ಈವತ್ತು ಮಲಗಲು ಜಾಗವಿಲ್ಲ. ರಸೀದಿ ಬೇಡ ಎಂದು ಅವರ ಬಾಯಿ ಮುಚ್ಚಿಸಿದವಳು ನಾನು. ನನ್ನಿಂದ ಇವರು ಡಿಪಾಸಿಟ್ ತೆಗೆದುಕೊಂಡಿರಲಿಲ್ಲ.”

ಮೊದಲು ಯಾರೋ ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ನಗು ನಿಂತಿತು. ಮುಂದಿನ ಸಾಲಿನ ಕೋಟಿನವರೊಬ್ಬರು, “ಯಾರಿಗಮ್ಮ ಮೋಸ ಆದದ್ದು? ಹೆಸರು ಹೇಳಿ,” ಎಂದರು.

ಮೋರಿಸ್ ಶಾಲು ಸರಿಮಾಡಿಕೊಂಡ. ಮುಖದಲ್ಲಿ ಆಫೀಸಿನ ಅದೇ ನಗು. “ಹೌದು ಟೀಚರ್. ಹೆಸರು ಹೇಳಿ. ಎಲ್ಲರಿಗೂ ಗೊತ್ತಾಗಲಿ.”

ಇಷ್ಟು ಜನರ ಎದುರು ಅಲೀಮಮ್ಮನ ಹೆಸರನ್ನು ಹೇಳುವುದೆಂದರೇನು ಎಂಬುದು ವಾರಿಜಾಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮಾತಾಡಿ ಒಮ್ಮೆ ಮಾರಿದ್ದನ್ನು ಮತ್ತೊಮ್ಮೆ ಮಾರಲಾರೆ ಎಂದು ಅವಳು ಮೈಕಿನಿಂದ ಹಿಂದೆ ಸರಿದಳು.

“ನೋಡಿ, ಹೆಸರೇ ಇಲ್ಲ,” ಎಂದ ಮೋರಿಸ್.

“ಸೌಂಡ್ ಕಟ್ ಮಾಡು ಮಾರಾಯ, ಡ್ಯಾನ್ಸಿನವರನ್ನು ಕಳಿಸು,” ಎಂದು ದೇಜಪ್ಪ ಕೈ ಬೀಸಿದರು. ಮೈಕ್ ಸತ್ತಿತು.

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಸರಿದ ಸದ್ದಾಯಿತು. ಬೆಟ್ಟಿ, “ಬೇಡ, ಕೂತ್ಕೊಳ್ಳಿ, ಬೇಡ,” ಎಂದು ತೋಳು ಹಿಡಿದು ಎಳೆಯುತ್ತಿದ್ದಳು. ಅಲೀಮಮ್ಮ ತೋಳು ಬಿಡಿಸಿಕೊಂಡಳು. ಬ್ಯಾಗನ್ನು ಹೆಗಲಿಗೇರಿಸಿ ಸಾಲುಗಳ ನಡುವಿನ ದಾರಿಗೆ ಬಂದಳು. ವಾರಿಜಾ ವೇದಿಕೆಯಿಂದ ಬೇಡ ಬೇಡವೆಂದು ತಲೆಯಾಡಿಸಿದಳು. ಅಲೀಮಮ್ಮ ಅವಳನ್ನು ನೋಡುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಮೊಬೈಲ್ ಎತ್ತಿ ಕಿವಿಗಿಟ್ಟುಕೊಂಡರು.

ರಬ್ಬರ್ ಚಪ್ಪಲಿ ನೆಲದ ಮೇಲೆ ಪಟಪಟ ಸದ್ದು ಮಾಡುತ್ತ ಬಂತು. ವೇದಿಕೆಯ ಮುಂದೆ ಅತಿಥಿಗಳಿಗೆಂದು ಹಾಸಿದ್ದ ಕೆಂಪು ಕಾರ್ಪೆಟ್ಟಿನ ಅಂಚಿಗೆ ಬಂದು ಒಮ್ಮೆ ನಿಂತಿತು.

ಆಮೇಲೆ ಸದ್ದು ಕೇಳಿಸಲಿಲ್ಲ. ಚಪ್ಪಲಿ ಕಾಲಲ್ಲೇ ಇತ್ತು. ಅವಳು ಬರುತ್ತಿದ್ದಳು.